ಡೇಟಾ ಹಕ್ಕಿಲ್ಲದೆ ರೂಬಿನ್ ವೀಕ್ಷಣಾಲಯದ ಜೊತೆ ಕೆಲಸ: ಒಂದು ಪಿಎಚ್‌ಡಿ ಪ್ರಕರಣ

ವೆರಾ ಸಿ. ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್ 23ರಂದು ಹೊರಬಂದ ಮೇಲೆ ಖಗೋಳ ವಿಜ್ಞಾನ ಓದುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಇದರಲ್ಲಿ ನಮಗೆ ಏನಾದರೂ ಜಾಗ ಇದೆಯಾ? ಇದೆ, ಜಾಸ್ತಿಯೇ ಇದೆ. ಆದರೆ ಎಲ್ಲಿದೆ ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಹಾಗಾಗಿ ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬರೆಯುತ್ತಿದ್ದೇನೆ.

ಹೆಸರುಗಳನ್ನು ಬಿಟ್ಟಿದ್ದೇನೆ. ವಿಶ್ವವಿದ್ಯಾಲಯ ಯಾವುದು ಅಂತಲೂ ಹೇಳುವುದಿಲ್ಲ. ಕೊನೆಗೆ ಅವರು ನೋಡಿದ ಸೂಪರ್ನೋವಾದ, ಅಂದರೆ ಸಿಡಿದ ನಕ್ಷತ್ರದ, ಹೆಸರನ್ನೂ ಕೊಟ್ಟಿಲ್ಲ, ಯಾಕೆಂದರೆ ಅದನ್ನು ಹುಡುಕಿದರೆ ವರದಿ ಕಳಿಸಿದವರು ಯಾರು ಅಂತ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಿನ್ನೆಲೆ

ನಮ್ಮ ವಿದ್ಯಾರ್ಥಿನಿ ಪಿಎಚ್‌ಡಿಯ ಮೊದಲ ವರ್ಷದಲ್ಲಿದ್ದಳು. ಕೋಡ್ ಚೆನ್ನಾಗಿ ಬರೆಯುತ್ತಿದ್ದಳು, ಟೆಲಿಸ್ಕೋಪಿನ ಅನುಭವ ಕಡಿಮೆ. ಗೈಡ್ ಹಳೆಯ ಕಾಲದ ವೀಕ್ಷಕರು, ಸೂಪರ್ನೋವಾಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಇಬ್ಬರೂ ಸೇರಿ ರೂಬಿನ್ ಡೇಟಾದಿಂದ ಸೂಪರ್ನೋವಾ ಹುಡುಕುವ ವಿಷಯ ಆರಿಸಿಕೊಂಡರು.

ಆ ಆಸೆ ಸಹಜವೇ. ರೂಬಿನ್ ಇರುವುದು ಚಿಲಿಯ ಸೆರೊ ಪಚೋನ್ ಬೆಟ್ಟದ ಮೇಲೆ. ಕನ್ನಡಿಯ ಅಗಲ 8.4 ಮೀಟರ್. ಕ್ಯಾಮೆರಾ 3,200 ಮೆಗಾಪಿಕ್ಸೆಲ್, ಒಂದು ಸಲಕ್ಕೆ 9.6 ಚದರ ಡಿಗ್ರಿ ಆಕಾಶ ಹಿಡಿಯುತ್ತದೆ, ಅಂದರೆ ನಲವತ್ತಕ್ಕೂ ಜಾಸ್ತಿ ಹುಣ್ಣಿಮೆ ಚಂದ್ರರು ಹಿಡಿಸುವಷ್ಟು ಜಾಗ. ಕೆಲವು ಸೆಕೆಂಡುಗಳಲ್ಲಿ ಪಕ್ಕದ ಜಾಗಕ್ಕೆ ತಿರುಗಿ ಮತ್ತೆ ಚಿತ್ರ ತೆಗೆಯುತ್ತದೆ. ಹೀಗೆ ಹತ್ತು ವರ್ಷ ದಕ್ಷಿಣದ ಆಕಾಶವನ್ನೆಲ್ಲ ಮತ್ತೆ ಮತ್ತೆ ಚಿತ್ರೀಕರಿಸುವ ಯೋಜನೆ ಇದು. ಮುಖ್ಯ ಸಮೀಕ್ಷೆಯಲ್ಲಿ ಆಕಾಶದ ಪ್ರತಿ ಜಾಗವನ್ನೂ ಆರು ಬಣ್ಣಗಳ ಫಿಲ್ಟರ್‌ಗಳಲ್ಲಿ ಒಟ್ಟು ಸುಮಾರು 800 ಸಲ ನೋಡುತ್ತದೆ. ಮೊದಲ ಪ್ರದರ್ಶನಕ್ಕೆ ಬಳಸಿದ ಸುಮಾರು 10 ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕವು. ಇಂಥದ್ದನ್ನು ನೋಡಿದ ಯಾವ ವಿದ್ಯಾರ್ಥಿಗೆ ತಾನೂ ಸೇರಬೇಕು ಅನ್ನಿಸುವುದಿಲ್ಲ?

ಎಲ್ಲಿ ಸಿಕ್ಕಿಹಾಕಿಕೊಂಡರು

2025ರ ಜೂನ್ 30ರಂದು ಮೊದಲ ಡೇಟಾ ಪ್ರಿವ್ಯೂ ಬಂತು. ಅದು ದೊಡ್ಡ ಕ್ಯಾಮೆರಾದ್ದಲ್ಲ. ಪರೀಕ್ಷೆಗೆಂದು ಕೂರಿಸಿದ್ದ ಚಿಕ್ಕ ಕ್ಯಾಮೆರಾ 2024ರ ಕೊನೆಯಲ್ಲಿ ಏಳು ಜಾಗಗಳಲ್ಲಿ ತೆಗೆದ 1,792 ಚಿತ್ರಗಳು. ಅಷ್ಟಾದರೂ ಸಿಕ್ಕರೆ ಸಾಕು, ಕೈ ಪಳಗಿಸಿಕೊಳ್ಳಬಹುದು ಅಂತ ಅವಳು ಖಾತೆ ತೆರೆಯಲು ಹೋದಳು. ಅಲ್ಲಿ ಮೊದಲ ಗೋಡೆ ಎದುರಾಯಿತು.

ರೂಬಿನ್ ಡೇಟಾ ಎಲ್ಲರಿಗೂ ತಕ್ಷಣ ಸಿಗುವುದಿಲ್ಲ. ಅಮೆರಿಕ ಮತ್ತು ಚಿಲಿಯ ವಿಜ್ಞಾನಿಗಳಿಗೆ ಹಕ್ಕಿದೆ. ಬೇರೆ ದೇಶಗಳಲ್ಲಿ, ಯೋಜನೆಗೆ ಏನಾದರೂ ಕೊಡುಗೆ ಕೊಟ್ಟ ಗುಂಪುಗಳ ಪಟ್ಟಿಯಲ್ಲಿ ಹೆಸರಿರುವವರಿಗೆ ಹಕ್ಕಿದೆ. ಉಳಿದವರು ಪ್ರತಿ ಬಿಡುಗಡೆಯ ನಂತರ ಎರಡು ವರ್ಷ ಕಾಯಬೇಕು. ಇವಳ ಹೆಸರೂ ಗೈಡ್ ಹೆಸರೂ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಇಷ್ಟು ದೊಡ್ಡ ಯಂತ್ರವನ್ನು ದುಡ್ಡು, ಶ್ರಮ ಹಾಕಿ ಕಟ್ಟಿದವರಿಗೆ ಮೊದಲ ಪಾಲು ಹೋಗುವುದು ನ್ಯಾಯವೇ. ಆದರೆ ಪಿಎಚ್‌ಡಿಯ ಗಡಿಯಾರ ಎರಡು ವರ್ಷ ನಿಂತು ಕಾಯುವುದಿಲ್ಲ. ಅವಳು ಕೆಲವು ವಾರ ಸಹಭಾಗಿತ್ವಕ್ಕೆ ಯಾರನ್ನು ಕೇಳುವುದು, ಯಾವ ಗುಂಪಿಗೆ ಸೇರುವುದು ಅಂತ ಪತ್ರಗಳನ್ನು ಬರೆಯುತ್ತಾ ಕಳೆದಳು. ಉತ್ತರಗಳು ಮರ್ಯಾದೆಯಿಂದಲೇ ಬಂದವು, ಕೆಲಸ ಮಾತ್ರ ಮುಂದೆ ಹೋಗಲಿಲ್ಲ.

ಬಾಗಿಲು ತೆರೆದದ್ದು ನಿಯಮಗಳ ದಾಖಲೆಯನ್ನು ಎರಡನೇ ಸಲ, ನಿಧಾನವಾಗಿ ಓದಿದಾಗ. ಚಿತ್ರಗಳಿಗೂ ಕ್ಯಾಟಲಾಗ್‌ಗಳಿಗೂ (ಆಕಾಶದ ವಸ್ತುಗಳ ಪಟ್ಟಿಗಳಿಗೂ) ಹಕ್ಕು ಬೇಕು, ಅಲರ್ಟ್‌ಗಳಿಗೆ ಬೇಡ. ಅಲರ್ಟ್ ಇಡೀ ಪ್ರಪಂಚಕ್ಕೆ ಮುಕ್ತ, ಅದೂ ಕೂಡಲೇ.

ಅಲರ್ಟ್ ಅಂದರೆ ನಿಜವಾಗಿ ಏನು ಸಿಗುತ್ತದೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದನ್ನು ತಿಳಿಯದೆ ಮುಂದಿನ ನಿರ್ಧಾರಗಳು ಅರ್ಥವಾಗುವುದಿಲ್ಲ.

ರೂಬಿನ್ ಒಂದು ಚಿತ್ರ ತೆಗೆದ ಕೂಡಲೇ ಅದೇ ಜಾಗದ ಹಳೆಯ, ಶುದ್ಧ ಚಿತ್ರವನ್ನು ಅದರಿಂದ ಕಳೆಯುತ್ತಾರೆ. ಬದಲಾಗದ್ದೆಲ್ಲ ಅಳಿದುಹೋಗುತ್ತದೆ. ಹೊಳಪು ಹೆಚ್ಚಿದ್ದು, ಕಡಿಮೆಯಾದದ್ದು, ಸರಿದದ್ದು, ಹೊಸದಾಗಿ ಹುಟ್ಟಿದ್ದು ಮಾತ್ರ ಉಳಿಯುತ್ತದೆ. ಅಂಥ ಪ್ರತಿಯೊಂದಕ್ಕೂ ಒಂದು ಅಲರ್ಟ್. ಅದರಲ್ಲಿ ಆಕಾಶದ ಸ್ಥಾನ, ಹೊಳಪು, ಹಿಂದಿನ ಒಂದು ವರ್ಷದ ಇತಿಹಾಸ ಮತ್ತು ಚಿಕ್ಕ ಚಿಕ್ಕ ಚಿತ್ರದ ತುಣುಕುಗಳು ಇರುತ್ತವೆ. ಚಿತ್ರ ತೆಗೆದು ಒಂದೆರಡು ನಿಮಿಷದಲ್ಲಿ ಇದನ್ನು ಹೊರಗೆ ಕಳಿಸುವುದು ಗುರಿ. ಪೂರ್ಣ ಪ್ರಮಾಣದಲ್ಲಿ ಒಂದು ರಾತ್ರಿಗೆ 1 ಕೋಟಿವರೆಗೆ ಅಲರ್ಟ್ ಬರಬಹುದು ಅನ್ನುವುದು ಯೋಜನೆಯ ಲೆಕ್ಕ.

ಇಷ್ಟನ್ನು ಯಾರೂ ನೇರವಾಗಿ ಕುಡಿಯಲಾರರು. ಅದಕ್ಕೇ ನಡುವೆ ಬ್ರೋಕರ್‌ಗಳಿವೆ: ಚಿಲಿಯ ಅಲೆರ್ಸೆ, ಅಮೆರಿಕದ ಆಂಟಾರಿಸ್, ಫ್ರಾನ್ಸಿನ ಫಿಂಕ್, ಬ್ರಿಟನ್ನಿನ ಲಸೇರ್, ಇನ್ನೂ ಕೆಲವು. ಅವು ಪೂರ್ತಿ ಹರಿವನ್ನು ತೆಗೆದುಕೊಂಡು, ಹಳೆಯ ಕ್ಯಾಟಲಾಗ್‌ಗಳ ಜೊತೆ ತಾಳೆ ನೋಡಿ, ನಾವು ಬರೆದ ಷರತ್ತಿಗೆ ಹೊಂದುವುದನ್ನು ಮಾತ್ರ ನಮಗೆ ಕೊಡುತ್ತವೆ. ಖಾತೆ ತೆರೆಯಲು ದುಡ್ಡು ಬೇಡ.

ಇನ್ನೊಂದು ವಿಷಯ. ಕಳೆಯಲು ಹಳೆಯ ಚಿತ್ರ ಇರಬೇಕಲ್ವಾ? ಅದು ಇಲ್ಲದ ಜಾಗದಲ್ಲಿ ಅಲರ್ಟ್ ಹುಟ್ಟುವುದೇ ಇಲ್ಲ. ಹಾಗಾಗಿ ಆರಂಭದ ವರ್ಷದಲ್ಲಿ ರೂಬಿನ್ ಅಲರ್ಟ್‌ಗಳು ಆಕಾಶದಲ್ಲಿ ಅಲ್ಲಲ್ಲಿ ತೇಪೆ ತೇಪೆಯಾಗಿ ಬರುತ್ತವೆ. ಇದನ್ನು ಗೈಡ್ ಬೇಗ ಗುರುತಿಸಿದರು. "ನೋಡಮ್ಮ, ಅದು ತುಂಬಿ ಹರಿಯುವ ಹೊತ್ತಿಗೆ ನಮ್ಮ ಕೈ ಪಳಗಿರಬೇಕು. ಈಗ ಏನು ಹರಿಯುತ್ತಿದೆಯೋ ಅದರಲ್ಲಿ ಶುರು ಮಾಡು" ಅಂದರು.

ಹರಿಯುತ್ತಿದ್ದದ್ದು ಝಡ್‌ಟಿಎಫ್, ಅಂದರೆ ಜ್ವಿಕಿ ಟ್ರಾನ್ಸಿಯೆಂಟ್ ಫೆಸಿಲಿಟಿ. ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದ ಹಳೆಯ 48 ಇಂಚಿನ ಟೆಲಿಸ್ಕೋಪಿಗೆ ದೊಡ್ಡ ಕ್ಯಾಮೆರಾ ಕೂರಿಸಿ 2018ರಿಂದ ಇದೇ ರೀತಿ ಅಲರ್ಟ್ ಕೊಡುತ್ತಿದ್ದಾರೆ. ರೂಬಿನ್‌ಗೆ ತಯಾರಾಗಲು ಬ್ರೋಕರ್‌ಗಳೆಲ್ಲ ಬೆಳೆದದ್ದೇ ಇದರ ಮೇಲೆ. ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ ಇದು ಅಂತ ನನ್ನ ಅಭಿಪ್ರಾಯ.

ಮೊದಲ ಪ್ರಯತ್ನ, ಮತ್ತು ಗೈಡ್ ಕೇಳಿದ ಪ್ರಶ್ನೆ

ಅವಳು ಬರೆದ ಮೊದಲ ಷರತ್ತು ಉದಾರವಾಗಿತ್ತು. ಒಂದು ಗ್ಯಾಲಕ್ಸಿಯ ಹತ್ತಿರ ಏನಾದರೂ ಹೊಳಪು ಹೆಚ್ಚಿದರೆ ಹಿಡಿದುಕೋ, ಅಷ್ಟೇ. ಬೆಳಗ್ಗೆ ಎದ್ದರೆ ಪಟ್ಟಿ ಎಷ್ಟು ಉದ್ದ ಇರುತ್ತಿತ್ತು ಅಂದರೆ ಸಂಜೆವರೆಗೆ ನೋಡಿದರೂ ಮುಗಿಯುತ್ತಿರಲಿಲ್ಲ. ಒಂದೊಂದಕ್ಕೂ ಮೂರು ಪುಟ್ಟ ಚೌಕಗಳು: ಹೊಸ ಚಿತ್ರ, ಹಳೆಯ ಚಿತ್ರ, ವ್ಯತ್ಯಾಸ.

ಅವಳ ಪಕ್ಕದಲ್ಲಿ ಕೂತು ನಾನೂ ಒಂದಿಷ್ಟು ನೋಡಿದ್ದೇನೆ. ಒಂದರಲ್ಲಿ ವ್ಯತ್ಯಾಸದ ಚೌಕದ ನಡುವೆ ಅರ್ಧ ಬಿಳಿ, ಅರ್ಧ ಕಪ್ಪು, ಎರಡೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಅದು ಹೊಸ ನಕ್ಷತ್ರವಲ್ಲ, ಹಳೆಯ ಮತ್ತು ಹೊಸ ಚಿತ್ರಗಳು ಕೂದಲೆಳೆಯಷ್ಟು ಸರಿದು ಕೂತಾಗ ಹೀಗಾಗುತ್ತದೆ. ಇನ್ನೊಂದು ಗ್ಯಾಲಕ್ಸಿಯ ನಟ್ಟನಡುವೆ ಕೂತಿತ್ತು, ಇತಿಹಾಸ ತೆಗೆದರೆ ತಿಂಗಳುಗಟ್ಟಲೆ ಏರಿಳಿತ. ಅದು ಕಪ್ಪುಕುಳಿಯ ಸುತ್ತಲಿನ ಅನಿಲದ ಆಟ. ಮತ್ತೊಂದು ಒಂದೇ ಸಲ ಕಂಡು ಮಾಯವಾಗಿತ್ತು, ದಾರಿಯಲ್ಲಿ ಹೋಗುತ್ತಿದ್ದ ಕ್ಷುದ್ರಗ್ರಹ. ಇವುಗಳನ್ನು ಕಣ್ಣಲ್ಲಿ ಬೇರ್ಪಡಿಸುವುದನ್ನು ಅವಳು ಚೆನ್ನಾಗಿ ಕಲಿತಳು, ಅದು ವ್ಯರ್ಥವಾಗಲಿಲ್ಲ. ಆದರೆ ಆಯ್ದ ಮೇಲೂ ಡಜನುಗಟ್ಟಲೆ ಅಭ್ಯರ್ಥಿಗಳು ಉಳಿಯುತ್ತಿದ್ದವು, ಅವುಗಳ ಮುಂದೆ ಏನು ಮಾಡುವುದು ಅಂತ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೈಡ್ ಪಟ್ಟಿ ನೋಡಿ ಕೇಳಿದರು, "ಇದರಲ್ಲಿ ಇವತ್ತು ರಾತ್ರಿ ನಾವು ನೋಡಬಹುದಾದದ್ದು ಎಷ್ಟಿದೆ?"

"ಎಲ್ಲಿಂದ, ಸರ್?"

"ಹಾನ್ಲೆಯಿಂದ."

ಅವಳ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಇಡೀ ಕೆಲಸ ತಿರುಗಿತು.

ಟೆಲಿಸ್ಕೋಪಿನ ಕಡೆಯಿಂದ ಹಿಂದಕ್ಕೆ

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ನಡೆಸುತ್ತಾರೆ. ವೀಕ್ಷಣೆಗೆ ಸಮಯ ಬೇಕಾದರೆ ಪ್ರಸ್ತಾವನೆ ಬರೆಯಬೇಕು, ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುವ ಸೂಪರ್ನೋವಾದಂಥವಕ್ಕೆ ತುರ್ತು ವೀಕ್ಷಣೆಯನ್ನೂ ಕೇಳಬಹುದು.

ಹಾನ್ಲೆ ಅಂದ ಮೇಲೆ ಷರತ್ತುಗಳೆಲ್ಲ ತಾವಾಗೇ ಹುಟ್ಟಿದವು. ಮೊದಲನೆಯದು ದಿಕ್ಕು. ಹಾನ್ಲೆ ಇರುವುದು ಉತ್ತರ ಅಕ್ಷಾಂಶ 32.8 ಡಿಗ್ರಿಯಲ್ಲಿ. ಆಕಾಶದ ಸಮಭಾಜಕಕ್ಕಿಂತ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿ ಎಳೆದ ಗೆರೆ) 20 ಡಿಗ್ರಿ ದಕ್ಷಿಣದ ವಸ್ತು ಅಲ್ಲಿ ಎಷ್ಟೇ ಮೇಲೆ ಬಂದರೂ ಸುಮಾರು 37 ಡಿಗ್ರಿ ಎತ್ತರ. ಅದಕ್ಕಿಂತ ಕೆಳಗಿನದನ್ನು ದಪ್ಪ ಗಾಳಿಯ ಮೂಲಕ ನೋಡಬೇಕು. ಹಾಗಾಗಿ ಮೈನಸ್ 20ಕ್ಕೆ ಗೆರೆ ಎಳೆದರು. ರೂಬಿನ್‌ನ ಮುಖ್ಯ ಸಮೀಕ್ಷೆ ದಕ್ಷಿಣದ್ದು, ಅಂದರೆ ಅದರ ಆಕಾಶದ ಒಂದು ದೊಡ್ಡ ಪಾಲು ಈ ಒಂದು ಗೆರೆಯಿಂದಲೇ ಹೊರಗೆ ಹೋಯಿತು. ಕೇಳಲು ಬೇಜಾರಿನ ವಿಷಯ, ಆದರೆ ಸಮಭಾಜಕದ ಆಚೆ ಈಚೆಯ ಒಂದು ಪಟ್ಟಿ ಎರಡಕ್ಕೂ ಸಿಗುತ್ತದೆ, ಒಂದು ಪಿಎಚ್‌ಡಿಗೆ ಅದು ಧಾರಾಳ.

ಎರಡನೆಯದು ಹೊಳಪು. ಅದನ್ನು ಅಳೆಯುವುದು ಮ್ಯಾಗ್ನಿಟ್ಯೂಡ್‌ನಲ್ಲಿ, ಸಂಖ್ಯೆ ದೊಡ್ಡದಾದಷ್ಟೂ ವಸ್ತು ಮಂಕು. 5 ಮ್ಯಾಗ್ನಿಟ್ಯೂಡ್ ಅಂದರೆ 100 ಪಟ್ಟು ವ್ಯತ್ಯಾಸ. ರೂಬಿನ್ ಒಂದೇ ಚಿತ್ರದಲ್ಲಿ ಸುಮಾರು 24ನೇ ಮ್ಯಾಗ್ನಿಟ್ಯೂಡ್‌ವರೆಗೆ ನೋಡುತ್ತದೆ. 2 ಮೀಟರಿನ ಟೆಲಿಸ್ಕೋಪಿನಲ್ಲಿ ಸೂಪರ್ನೋವಾದ ಜಾತಿ ಗುರುತಿಸುವಂಥ ಸ್ಪೆಕ್ಟ್ರಮ್ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು) ಬೇಕಾದರೆ 18.5ರ ಆಸುಪಾಸಿಗೆ ನಿಲ್ಲಿಸುವುದು ಒಳ್ಳೆಯದು ಅಂದರು ಗೈಡ್. ಎರಡರ ನಡುವೆ 150 ಪಟ್ಟಿಗೂ ಜಾಸ್ತಿ ವ್ಯತ್ಯಾಸ. ರೂಬಿನ್ ಕಂಡುಹಿಡಿಯುವ ಸೂಪರ್ನೋವಾಗಳಲ್ಲಿ ಬಹುತೇಕ ಎಲ್ಲವೂ ನಮಗೆ ಎಟುಕುವುದಿಲ್ಲ, ನಮಗೆ ಮಾತ್ರ ಅಲ್ಲ, ಪ್ರಪಂಚದ ದೊಡ್ಡ ಟೆಲಿಸ್ಕೋಪುಗಳಿಗೂ ಅಷ್ಟಕ್ಕೆಲ್ಲ ಸಮಯ ಸಿಗುವುದಿಲ್ಲ. ಇದನ್ನು ಬೇಗ ಒಪ್ಪಿಕೊಂಡಷ್ಟೂ ಒಳ್ಳೆಯದು.

ಮೂರನೆಯದು ಯಾರೂ ನಿರೀಕ್ಷಿಸದೆ ಸಿಕ್ಕ ಅನುಕೂಲ. ಚಿಲಿಯಲ್ಲಿ ರಾತ್ರಿ ಅಂದರೆ ನಮಗೆ ಹೆಚ್ಚುಕಡಿಮೆ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ. ಪಾಲೊಮಾರ್‌ನ ರಾತ್ರಿಯೂ ನಮಗೆ ಹಗಲೇ. ಅಲ್ಲಿ ಕಂಡದ್ದರ ಅಲರ್ಟ್ ನಮ್ಮ ಕೆಲಸದ ಹೊತ್ತಿನಲ್ಲಿ ಬರುತ್ತದೆ, ಪರಿಶೀಲಿಸಿ ಮುಗಿಸುವಷ್ಟರಲ್ಲಿ ಹಾನ್ಲೆಯಲ್ಲಿ ಕತ್ತಲಾಗುತ್ತದೆ. ಅಮೆರಿಕ ಖಂಡದ ಟೆಲಿಸ್ಕೋಪುಗಳು ಅದೇ ವಸ್ತುವನ್ನು ಮತ್ತೆ ನೋಡಬೇಕಾದರೆ ಇನ್ನೊಂದು ರಾತ್ರಿವರೆಗೆ ಕಾಯಬೇಕು. ಮೊದಲ ದಿನಗಳಲ್ಲಿ ಗಂಟೆ ಗಂಟೆಗೂ ಬದಲಾಗುವ ಸ್ಫೋಟಗಳ ವಿಷಯದಲ್ಲಿ ನಮ್ಮ ರೇಖಾಂಶವೇ ನಮ್ಮ ಆಸ್ತಿ. ಗೈಡ್ ಇದನ್ನೇ ಪ್ರಸ್ತಾವನೆಯ ಮೊದಲ ಪ್ಯಾರಾದಲ್ಲಿ ಬರೆಸಿದರು.

ಉಳಿದ ಷರತ್ತುಗಳು ಕಸ ತೆಗೆಯಲು. ಅರ್ಧ ಗಂಟೆಗಿಂತ ಜಾಸ್ತಿ ಅಂತರದಲ್ಲಿ ಎರಡು ಸಲ ಅದೇ ಜಾಗದಲ್ಲಿ ಕಂಡಿರಬೇಕು, ಕ್ಷುದ್ರಗ್ರಹಗಳು ಹೋದವು. ಕ್ಯಾಟಲಾಗ್‌ನಲ್ಲಿ ಗೊತ್ತಿರುವ ನಕ್ಷತ್ರದ ಮೇಲೆ ಕೂತಿರಬಾರದು. ಹಳೆಯ ಏರಿಳಿತದ ಇತಿಹಾಸ ಇರಬಾರದು. ಇದು ನಿಜವಾದ ಬದಲಾವಣೆ ಅಂತ ಬ್ರೋಕರ್ ಕೊಡುವ ಅಂಕ ಜಾಸ್ತಿ ಇರಬೇಕು. ಗ್ಯಾಲಕ್ಸಿಯ ನಟ್ಟನಡುವೆ ಇರುವುದನ್ನೂ ಬಿಟ್ಟುಬಿಟ್ಟರು. ಇದರಿಂದ ಕಪ್ಪುಕುಳಿ ನಕ್ಷತ್ರವೊಂದನ್ನು ಹರಿದು ನುಂಗುವಂಥ ಅಪರೂಪದ ಘಟನೆಗಳೂ ಕೈತಪ್ಪುತ್ತವೆ ಅಂತ ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ, ಎರಡು ದಿನ ವಾದ ಮಾಡಿದಳು. ಕೊನೆಗೆ ಬಿಟ್ಟಳು, ಬಿಟ್ಟದ್ದನ್ನು ಯಾಕೆ ಬಿಟ್ಟೆವು ಅಂತ ಟಿಪ್ಪಣಿಯಲ್ಲಿ ಬರೆದಿಟ್ಟಳು. ಆ ಟಿಪ್ಪಣಿ ನಂತರ ಪ್ರಬಂಧದ ಅಧ್ಯಾಯಕ್ಕೆ ಹಾಗೇ ಹೋಯಿತು.

ಮರುದಿನ ಪಟ್ಟಿಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ವಸ್ತುಗಳಿದ್ದವು.

ಏನಾಯಿತು

ಸಮಯ ಸಿಕ್ಕಿತು. ಆದರೆ ಮೊದಲ ಒಳ್ಳೆಯ ಅಭ್ಯರ್ಥಿಯ ವಿನಂತಿ ಕಳಿಸುವ ಹೊತ್ತಿಗೆ ಬೇರೆ ಗುಂಪೊಂದು ಅದರ ಸ್ಪೆಕ್ಟ್ರಮ್ ತೆಗೆದು ಜಾತಿಯನ್ನೂ ಪ್ರಕಟಿಸಿ ಆಗಿತ್ತು. ಜಗತ್ತಿನ ಎಲ್ಲರೂ ಇಂಥ ವರದಿ ಹಾಕುವುದು ಟ್ರಾನ್ಸಿಯೆಂಟ್ ನೇಮ್ ಸರ್ವರ್‌ನಲ್ಲಿ. ವಿನಂತಿಗೆ ಮುಂಚೆ ಅದನ್ನು ತಾನಾಗೇ ನೋಡುವ ಕೋಡನ್ನು ಅವಳು ಅವತ್ತೇ ಸೇರಿಸಿದಳು. ಇನ್ನೊಂದು ಅಭ್ಯರ್ಥಿಗೆ ಮೋಡ ಅಡ್ಡ ಬಂತು, ಮೋಡ ಸರಿಯುವಷ್ಟರಲ್ಲಿ ಚಂದ್ರ ಪಕ್ಕಕ್ಕೇ ಬಂದಿದ್ದ.

ಆಮೇಲೆ ಸಿಕ್ಕಿತು. ಒಂದು ಸುರುಳಿ ಗ್ಯಾಲಕ್ಸಿಯ ಹೊರತೋಳಿನಲ್ಲಿ, ಕೆಲವೇ ದಿನಗಳ ಹಿಂದೆ ಮೊದಲು ಕಂಡದ್ದು, ಇನ್ನೂ ಹೊಳಪು ಏರುತ್ತಿತ್ತು. ಮುಕ್ಕಾಲು ಗಂಟೆಯ ಒಂದು ಎಕ್ಸ್‌ಪೋಶರ್. ತರಂಗಾಂತರ ಅಳೆಯಲು ಕಬ್ಬಿಣ-ಆರ್ಗಾನ್ ದೀಪದ ಚಿತ್ರ, ಹೋಲಿಕೆಗೆ ಒಂದು ಮಾನಕ ನಕ್ಷತ್ರ, ಅಂದರೆ ಹೊಳಪು ಮೊದಲೇ ಗೊತ್ತಿರುವಂಥದ್ದು. ಡೇಟಾ ಕೈಗೆ ಬಂದ ಮೇಲೆ ಅವಳು ಹಿನ್ನೆಲೆ ಆಕಾಶದ ಬೆಳಕನ್ನು ಕಳೆದು ಗೆರೆ ಎಳೆದಾಗ, ಕೆಂಪಿನ ಕಡೆ 6150 ಆಂಗ್‌ಸ್ಟ್ರಾಮ್ (ತರಂಗಾಂತರದ ಅಳತೆ) ಹತ್ತಿರ ಒಂದು ಅಗಲವಾದ ತಗ್ಗು ಕಂಡಿತು. ಅದು ಸಿಲಿಕಾನ್ ಬೆಳಕು ಹೀರಿದ ಗುರುತು, ಚಲಿಸದೆ ನಿಂತ ಸಿಲಿಕಾನ್ ಆಗಿದ್ದರೆ 6355ರಲ್ಲಿ ಇರಬೇಕು. ಸ್ಫೋಟದ ಪದರ ನಮ್ಮ ಕಡೆಗೆ ಸೆಕೆಂಡಿಗೆ ಸುಮಾರು 10,000 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವುದರಿಂದ ಅಷ್ಟು ಸರಿದಿದೆ. ಟೈಪ್ 1ಎ ಅನ್ನುವ ಜಾತಿಯ ಸೂಪರ್ನೋವಾದ ಗುರುತು ಇದು. ಗೈಡ್ ತುಂಬಾ ಹೊತ್ತು ಏನೂ ಮಾತಾಡದೆ ಪರದೆ ನೋಡಿದರು, ಆಮೇಲೆ "ಇವತ್ತೇ ವರದಿ ಹಾಕು" ಅಂದರು. ಹಾಕಿದರು. ಅವಳ ಹೆಸರು ಮೊದಲು.

ಟೈಪ್ 1ಎ ಸಿಗುವುದು ಅಪರೂಪವಲ್ಲ, ನಿಜ. ಆದರೆ ಅಲರ್ಟ್‌ನಿಂದ ವರದಿವರೆಗಿನ ಇಡೀ ಸರಪಳಿಯನ್ನು ಹಕ್ಕುಪಟ್ಟಿಯ ಹೊರಗಿರುವ ಒಂದು ವಿಶ್ವವಿದ್ಯಾಲಯದ ಕೋಣೆಯಿಂದ ನಡೆಸಬಹುದು ಅಂತ ಅವತ್ತು ತೋರಿತು, ನನಗೆ ಅದು ದೊಡ್ಡ ವಿಷಯ.

ರೂಬಿನ್‌ಗೆ ಬಂದಾಗ ಬದಲಾದದ್ದು

ಇಲ್ಲಿಯವರೆಗಿನ ಷರತ್ತುಗಳನ್ನು ರೂಬಿನ್ ಹರಿವಿನ ಮೇಲೆ ಹಾಗೇ ಹಾಕಿದರೆ ಹೆಚ್ಚೇನೂ ಸಿಗುವುದಿಲ್ಲ ಅಂತ ಅವಳೇ ಲೆಕ್ಕ ಹಾಕಿ ತೋರಿಸಿದಳು. ಈಗಾಗಲೇ 18.5 ತಲುಪಿದ್ದನ್ನು ಝಡ್‌ಟಿಎಫ್ ಕೂಡ ನೋಡುತ್ತದೆ, ಅದಕ್ಕೆ 8.4 ಮೀಟರಿನ ಕನ್ನಡಿ ಬೇಡ. ರೂಬಿನ್‌ನ ನಿಜವಾದ ಉಪಯೋಗ ಇರುವುದು ಅದೇ ಸೂಪರ್ನೋವಾ ಇನ್ನೂ 22, 23ರಲ್ಲಿ ಮಂಕಾಗಿ ಏಳುತ್ತಿರುವಾಗ ಹಿಡಿಯುವುದರಲ್ಲಿ.

ಹಾಗಾದರೆ ಅದು ಮುಂದೆ ನಮಗೆ ಎಟುಕುವಷ್ಟು ಹೊಳೆಯುತ್ತದಾ ಅಂತ ಹೇಗೆ ಗೊತ್ತಾಗುವುದು? ಗ್ಯಾಲಕ್ಸಿಯ ದೂರ ನೋಡಬೇಕು. ಟೈಪ್ 1ಎ ಶಿಖರದ ನಿಜ ಹೊಳಪು, ಅಂದರೆ ಎಲ್ಲವನ್ನೂ ಒಂದೇ ಗೊತ್ತಾದ ದೂರದಲ್ಲಿ ಇಟ್ಟು ನೋಡಿದರೆ ಕಾಣುವ ಮ್ಯಾಗ್ನಿಟ್ಯೂಡ್, ಸುಮಾರು ಮೈನಸ್ 19.3. ಕೆಂಪುಪಲ್ಲಟ (ಬೆಳಕು ಕೆಂಪಿನ ಕಡೆ ಸರಿದ ಪ್ರಮಾಣ, ದೂರದ ಅಳತೆ) 0.05 ಇರುವ ಗ್ಯಾಲಕ್ಸಿಯಲ್ಲಿ ಆದರೆ ಅದು ನಮಗೆ 17.5ರ ಹತ್ತಿರ ಕಾಣುತ್ತದೆ. ಅಂದರೆ ಇವತ್ತು 22.5 ಇದ್ದರೂ ಪರವಾಗಿಲ್ಲ, ಗ್ಯಾಲಕ್ಸಿ ಹತ್ತಿರದ್ದಾಗಿದ್ದರೆ ಪಟ್ಟಿಗೆ ಸೇರಿಸು. "ಈಗ ಎಷ್ಟು ಹೊಳೆಯುತ್ತಿದೆ" ಅನ್ನುವ ಷರತ್ತನ್ನು ತೆಗೆದು "ಎಷ್ಟು ದೂರದಲ್ಲಿದೆ" ಅನ್ನುವುದನ್ನು ಹಾಕಿದ್ದು ಈ ಪ್ರಕರಣದ ಎರಡನೇ ದೊಡ್ಡ ತಿರುವು. ರೂಬಿನ್ ಒಂದೇ ಜಾಗಕ್ಕೆ ಮರಳಲು ಕೆಲವು ದಿನ ಹಿಡಿಯುತ್ತದೆ, ಅದೂ ಬೇರೆ ಬಣ್ಣದ ಫಿಲ್ಟರಿನಲ್ಲಿ ಇರಬಹುದು. ಆ ನಡುವಿನ ದಿನಗಳನ್ನು ಝಡ್‌ಟಿಎಫ್‌ನಿಂದ ತುಂಬಿಸಬೇಕು. ಹಾಗಾಗಿ ಹಳೆಯ ಕೋಡ್ ಯಾವುದೂ ಎಸೆಯಬೇಕಾಗಿ ಬರಲಿಲ್ಲ.

ಬೇರೆಯವರಿಗೆ ಈ ಪ್ರಕರಣದಿಂದ ನೇರವಾಗಿ ತೆಗೆದುಕೊಳ್ಳಲು ಕೆಲವು ವಿಷಯಗಳಿವೆ. ವಿಷಯ ಆರಿಸುವ ಮುಂಚೆ ಡೇಟಾ ನಿಯಮವನ್ನು ಪೂರ್ತಿ ಓದಿ, ಮುಚ್ಚಿದ ಭಾಗದ ಪಕ್ಕದಲ್ಲೇ ತೆರೆದ ಭಾಗ ಇರುತ್ತದೆ. ರೂಬಿನ್ ಚಿತ್ರಗಳನ್ನು ಸಂಸ್ಕರಿಸುವ ಸಾಫ್ಟ್‌ವೇರ್ ಕೂಡ ಮುಕ್ತವಾಗಿದೆ, ಕಲಿಯಲು ಯಾರ ಅನುಮತಿಯೂ ಬೇಡ. ಅಲರ್ಟ್‌ನಲ್ಲಿ ಕೆಲಸ ಮಾಡುವವರು ಮೊದಲು ನಿಮ್ಮ ಕೈಗೆ ಸಿಗುವ ಟೆಲಿಸ್ಕೋಪ್ ಯಾವುದು ಅಂತ ತೀರ್ಮಾನಿಸಿ, ಆಮೇಲೆ ಷರತ್ತು ಬರೆಯಿರಿ. ಟೆಲಿಸ್ಕೋಪೇ ಸಿಗದಿದ್ದರೆ ಹೊಳಪಿನ ಏರಿಳಿತದ ರೇಖೆಗಳನ್ನಷ್ಟೇ ಇಟ್ಟುಕೊಂಡು ಮಾಡುವ ಕೆಲಸವೂ ಬೇಕಾದಷ್ಟಿದೆ, ಬದಲಾಗುವ ನಕ್ಷತ್ರಗಳೇ ಲೆಕ್ಕವಿಲ್ಲದಷ್ಟು ಬರುತ್ತವೆ.

ಸದ್ಯಕ್ಕೆ ಅವಳ ಮೇಜಿನ ಮೇಲಿರುವ ಪ್ರಶ್ನೆ 18.5ಕ್ಕೂ 20ಕ್ಕೂ ನಡುವಿನವುಗಳದ್ದು. ಅವು 2 ಮೀಟರಿಗೆ ಕಷ್ಟ, ಬಿಡಲು ಮನಸ್ಸಾಗುವುದಿಲ್ಲ. ನೈನಿತಾಲ್ ಹತ್ತಿರ ದೇವಸ್ಥಲದಲ್ಲಿ 3.6 ಮೀಟರಿನ ಟೆಲಿಸ್ಕೋಪ್ ಇದೆ, ಅದರಲ್ಲಿ ಸಮಯ ಕೇಳುವ ಪ್ರಸ್ತಾವನೆಯನ್ನು ಈಗ ಅವಳೇ ಬರೆಯುತ್ತಿದ್ದಾಳೆ. ಗ್ಯಾಲಕ್ಸಿಯ ನಟ್ಟನಡುವಿನ ಘಟನೆಗಳನ್ನೂ ಈ ಸಲ ಸೇರಿಸಿದ್ದಾಳೆ, ಗೈಡ್ ಒಪ್ಪಿದ್ದಾರೆ.